ಹಳೆಯ ಕಾರಿಗೆ ಯಾವ ಎಂಜಿನ್?

ಹಳೆಯ ಕಾರನ್ನು ದುರಸ್ತಿ ಮಾಡಿ ಮತ್ತೆ ರಸ್ತೆಗಿಳಿಸುವ ಹವ್ಯಾಸ ಈಗ ಮಹಾನಗರದ ಸಿರಿವಂತರಿಗಷ್ಟೇ ಸೀಮಿತವಲ್ಲ. ಮಲೆನಾಡಿನ ಅಡಿಕೆ ತೋಟಗಳ ಕೊಟ್ಟಿಗೆಗಳಲ್ಲಿ, ಜಿಲ್ಲಾ ಕೇಂದ್ರಗಳ ಹಳೆಯ ಮನೆಗಳ ಹಿತ್ತಿಲುಗಳಲ್ಲಿ ಟಾರ್ಪಾಲು ಹೊದ್ದು ಕುಳಿತಿರುವ ಅಂಬಾಸಿಡರ್, ಫಿಯಟ್, ಜೀಪುಗಳನ್ನು ಹೊಸ ತಲೆಮಾರು ಹೊರತೆಗೆಯುತ್ತಿದೆ. ಬಣ್ಣ, ಸೀಟು, ದೀಪಗಳ ವಿಷಯದಲ್ಲಿ ಮನೆಯೊಳಗೆ ಒಮ್ಮತ ಸುಲಭ. ಮತಭೇದ ಏಳುವುದು ಬಾನೆಟ್ ಎತ್ತಿದಾಗ. ಹಳೆಯ ಎಂಜಿನನ್ನೇ ಉಳಿಸಬೇಕೆ, ಹೊಸತೊಂದನ್ನು ಕೂರಿಸಬೇಕೆ?

ಈ ಪ್ರಶ್ನೆ ನಮ್ಮ ಮನೆಗೂ ಬಂದಿದೆ. ಶಿವಮೊಗ್ಗದಿಂದ ತೀರ್ಥಹಳ್ಳಿಯ ದಾರಿಯಲ್ಲಿ ಸುಮಾರು 14 ಕಿ.ಮೀ. ದೂರದ ಸಕ್ರೆಬೈಲಿನಲ್ಲಿ ನಮ್ಮ ತೋಟವಿದೆ. ಅಲ್ಲಿ ಅಪ್ಪಯ್ಯ 1970ರಲ್ಲಿ ಕೊಂಡ ಮಾರ್ಕ್ 2 ಅಂಬಾಸಿಡರ್ ಹದಿನೆಂಟು ವರ್ಷಗಳಿಂದ ನಿಂತಿದೆ. ಸುತ್ತಲಿನ ಮನೆಗಳಲ್ಲಿ ಯಾರಿಗಾದರೂ ಹೆರಿಗೆ ನೋವು ಬಂದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೊರಡುತ್ತಿದ್ದುದು ಇದೇ ಕಾರು. ಅದನ್ನು ಗುಜರಿಗೆ ಹಾಕಬಾರದೆಂಬ ಬಗ್ಗೆ ನನಗೂ ಅಣ್ಣನಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಅಣ್ಣ ತೋಟದಲ್ಲಿರುವವನು, ನಾನು ಬೆಂಗಳೂರಿನಲ್ಲಿರುವವನು. ‘ನಿನಗೆ ನೆನಪು ಬೇಕು, ನನಗೆ ಗಾಡಿ ಬೇಕು ಮಾರಾಯ’ ಎಂದ ಅವನ ಮಾತಿನಲ್ಲಿ ಸತ್ಯವಿದೆ. ವರ್ಷಕ್ಕೆರಡು ಸಲ ಬಂದು ಹೋಗುವವನ ಭಾವುಕತೆಯ ಭಾರವನ್ನು ದಿನವೂ ಹೊರಬೇಕಾದವನು ಅವನು.

ಮೊದಲು ಆಯ್ಕೆಗಳನ್ನು ನೋಡೋಣ. ಈ ಕಾರಿನ ಮೂಲ ಎಂಜಿನ್ 1489 ಸಿ.ಸಿ.ಯ ಪೆಟ್ರೋಲ್ ಎಂಜಿನ್. ಬ್ರಿಟನ್ನಿನ ಬಿಎಂಸಿ ಕಂಪನಿಯ ‘ಬಿ ಸರಣಿ’ಗೆ ಸೇರಿದ್ದು, ಶಕ್ತಿ 50 ಅಶ್ವಶಕ್ತಿಯ ಆಸುಪಾಸು. ಎರಡನೆಯ ಆಯ್ಕೆ ಡೀಸೆಲ್. ಪೆಟ್ರೋಲ್ ಬೆಲೆಗೆ ಹೆದರಿದ ಅನೇಕ ಟ್ಯಾಕ್ಸಿ ಮಾಲೀಕರು ಒಂದು ಕಾಲದಲ್ಲಿ ಅಂಬಾಸಿಡರ್‌ಗಳಿಗೆ ಮೆಟಡಾರ್ ವ್ಯಾನಿನ ಡೀಸೆಲ್ ಎಂಜಿನ್ ಹಾಕಿಸಿದ್ದರು. ಮೂರನೆಯದು 1990ರ ದಶಕದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ತಾನೇ ಅಂಬಾಸಿಡರ್‌ಗೆ ಅಳವಡಿಸಿದ, ಜಪಾನಿನ ಇಸುಜು ವಿನ್ಯಾಸದ 1.8 ಲೀಟರಿನ ಪೆಟ್ರೋಲ್ ಎಂಜಿನ್. ಐದು ಗೇರುಗಳ ಜೊತೆಗೆ ಬರುವ ಇದರ ಶಕ್ತಿ ಸುಮಾರು 75 ಅಶ್ವಶಕ್ತಿ. ನಾಲ್ಕನೆಯದು ಹೊಸ ಕಾಲದ್ದು: ಎಂಜಿನನ್ನೇ ತೆಗೆದು ಬ್ಯಾಟರಿ, ಮೋಟಾರು ಇಡುವುದು.

ಅಣ್ಣನ ಒಲವು ಇಸುಜು ಕಡೆಗೆ. ಅದು ಅವಿವೇಕದ ಆಯ್ಕೆಯಲ್ಲ. ಅದೇ ಕಂಪನಿಯ ಕಾರಿನಲ್ಲಿ ಓಡಿ ಗೆದ್ದ ಎಂಜಿನ್ ಅದು. ಆದರೆ ಎಂಜಿನ್ ಒಂಟಿಯಾಗಿ ಬರುವುದಿಲ್ಲ. ಅದರ ಹಿಂದೆ ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಎಂಜಿನ್ ಕೂರಿಸುವ ಮೌಂಟಿಂಗ್, ರೇಡಿಯೇಟರ್ ಎಲ್ಲವೂ ಬದಲಾಗಬೇಕು. ಹೆಚ್ಚಿದ ವೇಗವನ್ನು ಹಿಡಿಯಬೇಕಾದ್ದು ಬ್ರೇಕು. ಮಾರ್ಕ್ 2 ಕಾರಿನ ನಾಲ್ಕೂ ಚಕ್ರಗಳಿಗೆ ಇರುವುದು ಡ್ರಮ್ ಬ್ರೇಕ್. ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿಯುವಾಗ ಡ್ರಮ್‌ಗಳು ಬಿಸಿಯೇರಿ ಬ್ರೇಕಿನ ಹಿಡಿತ ಸಡಿಲವಾಗುವ ಅನುಭವ ಹಳೆಯ ಚಾಲಕರಿಗೆ ಚೆನ್ನಾಗಿಯೇ ಇದೆ. ಶಕ್ತಿಯನ್ನು ಒಂದೂವರೆ ಪಟ್ಟು ಏರಿಸಿ ಬ್ರೇಕನ್ನು ಹಾಗೆಯೇ ಬಿಡುವುದು ಅಪಾಯ. ಡೀಸೆಲ್ ಎಂಜಿನ್ನಿನ ತೊಂದರೆ ತೂಕದ್ದು. ಮುಂಭಾಗದ ಭಾರ ಹೊರುವ ಟಾರ್ಷನ್ ಬಾರ್‌ಗಳು ಹಗುರವಾದ ಪೆಟ್ರೋಲ್ ಎಂಜಿನ್ನಿಗೆಂದು ಲೆಕ್ಕ ಹಾಕಿದವು. ಭಾರ ಹೆಚ್ಚಿದರೆ ಕಾರು ಮೂಗು ತಗ್ಗಿಸುತ್ತದೆ, ಸ್ಟೀರಿಂಗ್ ಬಿಗಿಯಾಗುತ್ತದೆ, ಡೀಸೆಲ್ಲಿನ ನಡುಕ ಐವತ್ತು ವರ್ಷ ದಾಟಿದ ತಗಡಿನ ಬೆಸುಗೆಗಳನ್ನು ಪರೀಕ್ಷಿಸತೊಡಗುತ್ತದೆ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ತಯಾರಕರು ನೀಡಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಸ್ಪಷ್ಟವಾಗಿ ಎತ್ತಿಹಿಡಿದಿದೆ. ಎಂಜಿನ್ ಬದಲಿಸಬೇಕಾದರೆ ಆರ್‌ಟಿಒ ಅನುಮತಿ ಬೇಕು, ಹೊಸ ಸಂಖ್ಯೆ ಆರ್‌ಸಿಯಲ್ಲಿ ದಾಖಲಾಗಬೇಕು. ಬೇರೆ ಇಂಧನಕ್ಕೆ, ವಿದ್ಯುತ್ತಿಗೆ ಪರಿವರ್ತಿಸಲು ಅವಕಾಶವಿದ್ದರೂ ಅದು ಅನುಮೋದಿತ ಕಿಟ್‌ಗಳ ಮೂಲಕ ಮಾತ್ರ. ಗ್ಯಾರೇಜಿನಲ್ಲಿ ಸದ್ದಿಲ್ಲದೆ ನಡೆದ ಬದಲಾವಣೆ ಅಪಘಾತದ ದಿನ ವಿಮಾ ಕಂಪನಿಯ ಮುಂದೆ ಸದ್ದು ಮಾಡುತ್ತದೆ.

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಹೊರಡಿಸಿದ ವಿಂಟೇಜ್ ವಾಹನಗಳ ನಿಯಮ ಇಲ್ಲಿ ಮುಖ್ಯವಾಗುತ್ತದೆ. 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಖಾಸಗಿ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ವಿಂಟೇಜ್ ನೋಂದಣಿ ದೊರೆಯುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಈ ನೋಂದಣಿ ಪಡೆದ ಕಾರನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಕೆಲಸಗಳಿಗೆ ರಸ್ತೆಗಿಳಿಸಬಹುದೇ ಹೊರತು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅಂದರೆ ಮೂಲ ಎಂಜಿನ್ ಇದ್ದರೆ ಎರಡು ಬಾಗಿಲುಗಳು ತೆರೆದಿರುತ್ತವೆ: ಅರ್ಹತಾ ಪರೀಕ್ಷೆಗೆ ಒಳಪಡಿಸಿ ಸಾಮಾನ್ಯ ನೋಂದಣಿಯನ್ನೇ ನವೀಕರಿಸಬಹುದು, ಮುಂದೊಂದು ದಿನ ವಿಂಟೇಜ್ ಮಾನ್ಯತೆಯನ್ನೂ ಕೇಳಬಹುದು. ಎಂಜಿನ್ ಬದಲಾದರೆ ಎರಡನೆಯ ಬಾಗಿಲು ಮುಚ್ಚಿದಂತೆಯೇ.

ಹಾಗಾದರೆ ಹಳೆಯ ಎಂಜಿನ್ ಬದುಕುತ್ತದೆಯೇ? ತುಂಗೆಯ ಹಿನ್ನೀರಿನ ತೇವದಲ್ಲಿ ವರ್ಷಗಟ್ಟಲೆ ನಿಂತ ಎಂಜಿನ್ ಜಾಮ್ ಆಗಿರುವುದು ಸಹಜ. ಶಿವಮೊಗ್ಗದಿಂದ ಬಂದ ಹಿರಿಯ ಮೆಕ್ಯಾನಿಕ್ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಸಿಲಿಂಡರುಗಳೊಳಗೆ ಡೀಸೆಲ್ ಮತ್ತು ಎಣ್ಣೆ ಬೆರೆಸಿ ಸುರಿದು, ‘ಒಂದು ವಾರ ಮುಟ್ಟಬೇಡಿ ಸಾರ್’ ಎಂದರು. ವಾರದ ನಂತರ ಹ್ಯಾಂಡಲ್ ಹಾಕಿ ತಿರುಗಿಸಿದಾಗ ಅದು ಕದಲಿತು. ಕದಲಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಸಿಲಿಂಡರಿನ ಒಳಗೋಡೆ ಎಷ್ಟು ಸವೆದಿದೆ, ದುಂಡಗೆ ಉಳಿದಿದೆಯೇ ಎಂದು ಅಳೆಯಬೇಕು. ಸವೆದಿದ್ದರೆ ಬೋರಿಂಗ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಬೇಕು. ಮೂರು ಮುಖ್ಯ ಬೇರಿಂಗ್‌ಗಳ ಮೇಲೆ ಕುಳಿತ ಕ್ರ್ಯಾಂಕ್‌ಶಾಫ್ಟನ್ನು ಸಾಣೆ ಹಿಡಿಸಬೇಕು. ಬ್ಲಾಕ್ ಬಿರುಕು ಬಿಟ್ಟಿದೆಯೇ ಎಂದು ಪರೀಕ್ಷಿಸಬೇಕು.

ಇಂಧನದ ಸಂಗತಿಯೂ ಇದೆ. ಈ ಎಂಜಿನ್ ಹುಟ್ಟಿದ್ದು ಸೀಸ ಬೆರೆತ ಪೆಟ್ರೋಲಿನ ಕಾಲದಲ್ಲಿ. ವಾಲ್ವ್ ಬಂದು ಕೂರುವ ಜಾಗ ಸವೆಯದಂತೆ ಆ ಸೀಸ ಕಾಯುತ್ತಿತ್ತು. 2000ದಲ್ಲಿ ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತಿತು. ಅದು ಜನಾರೋಗ್ಯಕ್ಕೆ ಅಗತ್ಯವಾಗಿದ್ದ ನಿರ್ಧಾರ. ಆದ್ದರಿಂದ ಹಳೆಯ ಎರಕದ ಕಬ್ಬಿಣದ ಹೆಡ್‌ಗೆ ಗಟ್ಟಿ ಉಕ್ಕಿನ ವಾಲ್ವ್ ಸೀಟ್‌ಗಳನ್ನು ಕೂರಿಸುವುದು ಒಳ್ಳೆಯದು. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಾಂ, ಕಾರ್ಬ್ಯುರೇಟರಿನ ವಾಷರುಗಳನ್ನು ಅದನ್ನು ತಾಳುವಂಥವುಗಳಿಗೆ ಬದಲಿಸಬೇಕು. ಇವು ಹೊರಗೆ ಕಾಣದ, ಮೂಲ ಸ್ವರೂಪವನ್ನು ಕೆಡಿಸದ ಬದಲಾವಣೆಗಳು.

ಈ ಕೆಲಸಗಳಿಗೆ ಬಿಡಿಭಾಗಕ್ಕಿಂತ ಕೈ ಮುಖ್ಯ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದ ಮೇಲೆ ಈ ಭಾಗದಲ್ಲಿ ಲೋಹವನ್ನು ಬಲ್ಲ ತಲೆಮಾರುಗಳೇ ಬೆಳೆದವು. ಶಿವಮೊಗ್ಗ ಮತ್ತು ಭದ್ರಾವತಿಯ ನಡುವಿನ ಮಾಚೇನಹಳ್ಳಿಯಲ್ಲಿ ಇಂದಿಗೂ ಫೌಂಡ್ರಿಗಳಿವೆ. ಆದರೆ ಶತಮಾನ ತುಂಬಿದ 2023ರಲ್ಲೇ ಆ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿತ್ತು. ಜನರ ಹೋರಾಟದ ನಂತರ ಭಾಗಶಃ ಕೆಲಸ ಮತ್ತೆ ಶುರುವಾಯಿತು. ಅಂಬಾಸಿಡರ್ ತಯಾರಿಕೆಯಂತೂ 2014ರಲ್ಲೇ ನಿಂತಿದೆ. ಬೆರಳ ತುದಿಯಿಂದ ಬೇರಿಂಗಿನ ಸಡಿಲವನ್ನು ಹೇಳಬಲ್ಲ ಮೆಕ್ಯಾನಿಕ್‌ಗಳಿಗೆ ಈಗ ಎಪ್ಪತ್ತರ ಹತ್ತಿರ ವಯಸ್ಸು. ಅವರ ಪಕ್ಕದಲ್ಲಿ ನಿಂತು ಕಲಿಯುವ ಹುಡುಗರಿಗೆ ಕೆಲಸ ಬೇಕು. ಕೆಲಸವಿಲ್ಲದೆ ವಿದ್ಯೆ ಉಳಿಯದು.

ಸಕ್ರೆಬೈಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿಯ ಬಿಡಾರದ ಆನೆಗಳು ಒಂದು ಕಾಲದಲ್ಲಿ ಕಾಡಿನ ದಿಮ್ಮಿಗಳನ್ನು ಎಳೆಯುತ್ತಿದ್ದವು. ಲಾರಿಗಳು ಬಂದು ಆ ಕೆಲಸ ಹೋಯಿತು. ಆದರೆ ಬಿಡಾರ ಮುಚ್ಚಲಿಲ್ಲ, ಮಾವುತರ ವಿದ್ಯೆ ಉಳಿಯಿತು. ಇಂದು ಊರಿಗೆ ನುಗ್ಗುವ ಕಾಡಾನೆಗಳನ್ನು ಹಿಡಿಯಲು ಅರಣ್ಯ ಇಲಾಖೆ ಆಶ್ರಯಿಸುವುದು ಅದೇ ವಿದ್ಯೆಯನ್ನು. ಉಪಯೋಗ ಮುಗಿಯಿತೆಂದು ಕೈಬಿಟ್ಟಿದ್ದರೆ ಇಂದು ಅದನ್ನು ಎಲ್ಲಿಂದ ತರಬೇಕಿತ್ತು?

ನಮ್ಮ ಕಾರಿನ ಬಗ್ಗೆ ಕೊನೆಗೆ ಆದ ತೀರ್ಮಾನ ಇದು: ಬ್ಲಾಕ್ ಗಟ್ಟಿಯಿದ್ದರೆ ಮೂಲ ಎಂಜಿನ್ನಿಗೇ ಮರುಜೀವ, ಬಿರುಕು ಕಂಡರೆ ಗುಜರಿಗೆ ಹೋದ ಇನ್ನೊಂದು ಅಂಬಾಸಿಡರ್‌ನ ಅದೇ ಮಾದರಿಯ ಎಂಜಿನನ್ನು ಅನುಮತಿ ಪಡೆದು ಹಾಕುವುದು. ನೋಂದಣಿ ಸದ್ಯಕ್ಕೆ ಸಾಮಾನ್ಯವಾಗಿಯೇ ಇರಲಿ, ಪೇಟೆಗೆ ಹೋಗಲು ಅಣ್ಣನಿಗೂ ಕಾರು ಸಿಗಲಿ. ಅವನು ಒಪ್ಪಿದ್ದು ನನ್ನ ಭಾವುಕತೆಗಲ್ಲ, ಬ್ರೇಕಿನ ಲೆಕ್ಕಕ್ಕೆ ಮತ್ತು ಆರ್‌ಸಿಯ ಲೆಕ್ಕಕ್ಕೆ.

ದಿನವೂ ಐವತ್ತು ಕಿ.ಮೀ. ಓಡಬೇಕಾದವರು ಹೊಸ ಕಾರು ಕೊಳ್ಳುವುದೇ ಲೇಸು. ಹಳೆಯ ಕಾರಿನೊಳಗೆ ಹೊಸ ಕಾರನ್ನು ಹುಡುಕುವುದು ಬೇಡ. ಆದರೆ ಹಳೆಯ ಕಾರನ್ನೇ ಉಳಿಸುತ್ತೇವೆಂದು ಹೊರಟವರು ಮೊದಲು ಮಾಡಬೇಕಾದ್ದು ಬಣ್ಣದ ಅಂಗಡಿಗೆ ಹೋಗುವುದಲ್ಲ, ಆ ಎಂಜಿನನ್ನು ಬಲ್ಲ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಹುಡುಕುವುದು. ಬಣ್ಣ ಮುಂದಿನ ವರ್ಷವೂ ಸಿಗುತ್ತದೆ.