ಕೆಟಲ್ ತಳದ ಬಿಳಿ ಪದರ ವಿಷವೇ? ವಿನೆಗರ್ ಹಾಕಿ ನೋಡಿ

ಕೆಟಲ್‌ನಲ್ಲಿ ಬಿಳಿ ಪದರ ಕಟ್ಟಿದರೆ ಆ ನೀರು ವಿಷ, ಕುಡಿದರೆ ಕಿಡ್ನಿಯಲ್ಲೂ ಇದೇ ಕಲ್ಲು ಕಟ್ಟುತ್ತದೆ ಎನ್ನುವ ಮಾತು ವಾಟ್ಸಾಪ್ ಗ್ರೂಪ್‌ಗಳಲ್ಲಿ ಆಗಾಗ ಬರುತ್ತಿರುತ್ತದೆ. ಬೋರ್‌ವೆಲ್, ಟ್ಯಾಂಕರ್ ನೀರನ್ನು ನೆಚ್ಚಿಕೊಂಡಿರುವ ಜಕ್ಕೂರಿನ ಮನೆಗಳಲ್ಲಿ ಈ ಪದರ ಹೊಸದೇನಲ್ಲ. ಇದಕ್ಕೆ ಹೆದರಬೇಕೇ? ನೋಡೋಣ.

ಇದು ಏನು?

ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಇದೇ ವಸ್ತು ಪ್ರಕೃತಿಯಲ್ಲಿ ಹೆಚ್ಚಾಗಿ ಸಿಗುವ ಹರಳು ರೂಪಕ್ಕೆ ಕ್ಯಾಲ್ಸೈಟ್ ಎಂದು ಹೆಸರು. ಕಲಬುರಗಿ, ಬಾಗಲಕೋಟೆ ಕಡೆಯ ಸುಣ್ಣದ ಕಲ್ಲಿನಲ್ಲಿ ಇರುವುದೂ ಇದೇ.

ಬೆಂಗಳೂರಿನ ನೆಲದಡಿ ಇರುವುದು ಗ್ರಾನೈಟ್ ಜಾತಿಯ ಗಟ್ಟಿ ಬಂಡೆ. ಮಣ್ಣಿಗೆ ಇಳಿದ ಮಳೆನೀರು ಅಲ್ಲಿನ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಆಮ್ಲೀಯವಾಗುತ್ತದೆ, ಬಂಡೆಯ ಕ್ಯಾಲ್ಸಿಯಂ ಅನ್ನು ನಿಧಾನವಾಗಿ ಕರಗಿಸುತ್ತದೆ. ಆ ನೀರನ್ನು ಕುದಿಸಿದಾಗ ಅನಿಲ ಹೊರಹೋಗಿ, ಕರಗಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಳಕ್ಕೆ ಅಂಟುತ್ತದೆ. ಅಂದರೆ ನೀವು ನೋಡುತ್ತಿರುವ ಪದರ ನೀರಿನಿಂದ ಹೊರಬಂದ ಗಡಸುತನ.

ಗುರುತಿಸುವುದು ಹೇಗೆ?

1. ಪದರದ ಚೂರನ್ನು ಕೆರೆದು ಅದರ ಮೇಲೆ ಬಿಳಿ ವಿನೆಗರ್ ಅಥವಾ ನಿಂಬೆರಸ ಹಾಕಿ. ಗುಳ್ಳೆ ಎದ್ದರೆ ಅದು ಕಾರ್ಬೊನೇಟ್.

2. ರಸ್ತೆ ಬದಿ ಸಿಕ್ಕ ಬಿಳಿ ಕಲ್ಲಾದರೆ ಚಾಕುವಿನಿಂದ ಗೀರಿ. ಮೋಸ್ ಗಡಸುತನದ ಅಳತೆಯಲ್ಲಿ ಕ್ಯಾಲ್ಸೈಟ್ 3, ಉಗುರು ಸುಮಾರು 2.5, ಚಾಕು ಸುಮಾರು 5.5, ಕ್ವಾರ್ಟ್ಜ್ 7. ಹಾಗಾಗಿ ಕ್ಯಾಲ್ಸೈಟ್‌ಗೆ ಉಗುರು ತಾಗದು, ಚಾಕು ತಾಗುತ್ತದೆ. ಕ್ವಾರ್ಟ್ಜ್‌ಗೆ ಚಾಕುವೂ ತಾಗದು, ವಿನೆಗರ್ ಹಾಕಿದರೆ ಗುಳ್ಳೆಯೂ ಬಾರದು. ಬೆಂಗಳೂರಿನಲ್ಲಿ ಸಿಗುವ ಹೊಳೆಯುವ ಬಿಳಿ ಕಲ್ಲು ಹೆಚ್ಚಾಗಿ ಕ್ವಾರ್ಟ್ಜ್.

3. ತಿಳಿಯಾದ ಕ್ಯಾಲ್ಸೈಟ್ ಹರಳನ್ನು ಅಕ್ಷರದ ಮೇಲಿಟ್ಟರೆ ಅಕ್ಷರ ಎರಡಾಗಿ ಕಾಣುತ್ತದೆ.

ಕಿಡ್ನಿ ಕಲ್ಲಿಗೆ ಇದೇ ಕಾರಣವೇ?

ಅಲ್ಲ. ಕಿಡ್ನಿ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್, ಕೆಟಲ್‌ನ ಕಾರ್ಬೊನೇಟ್ ಅಲ್ಲ. ಗಡಸು ನೀರಿನಿಂದಲೇ ಕಲ್ಲಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಕಲ್ಲು ಕಟ್ಟಲು ಮುಖ್ಯ ಕಾರಣಗಳಲ್ಲಿ ಒಂದು ನೀರು ಕಡಿಮೆ ಕುಡಿಯುವುದು. ಇಂಥ ಫಾರ್ವರ್ಡ್ ನಂಬಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರೆ ನಿಜವಾದ ಅಪಾಯ ಅಲ್ಲಿದೆ. ಈಗಾಗಲೇ ಕಲ್ಲಿನ ತೊಂದರೆ ಇರುವವರು ವೈದ್ಯರ ಸಲಹೆ ಪಾಲಿಸಿ.

ಭಾರತೀಯ ಮಾನಕ ಐಎಸ್ 10500 (2012) ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲ ಇಲ್ಲದಿದ್ದರೆ 600ರವರೆಗೆ ಅವಕಾಶವಿದೆ.

ಇಲ್ಲಿ ಎಚ್ಚರ ಬೇಕು

ಗುಳ್ಳೆ ಬಂತೆಂದು ನೀರು ಶುದ್ಧ ಎಂದುಕೊಳ್ಳಬೇಡಿ. ಫ್ಲೋರೈಡ್, ನೈಟ್ರೇಟ್, ರೋಗಾಣು ಯಾವುದೂ ಈ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಬೋರ್‌ವೆಲ್ ನೀರನ್ನು ಲ್ಯಾಬ್‌ನಲ್ಲೇ ಪರೀಕ್ಷೆ ಮಾಡಿಸಬೇಕು.

ಪದರ ತೆಗೆಯಲು ಸಮಪಾಲು ವಿನೆಗರ್ ಮತ್ತು ನೀರು ಹಾಕಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಬಾತ್‌ರೂಮ್ ಆಸಿಡ್ ಬಳಸಬೇಡಿ. ವಿನೆಗರ್ ಜೊತೆ ಬ್ಲೀಚ್ ಬೆರೆಸಲೇಬೇಡಿ, ವಿಷಾನಿಲ ಬರುತ್ತದೆ.

ನಮ್ಮ ತೀರ್ಮಾನ: ಬಿಳಿ ಪದರ ವಿಷವಲ್ಲ, ಸುಣ್ಣದ ಕಲ್ಲಿನ ಜಾತಿಯದು. ಇಂಥ ಸಂದೇಶ ಮತ್ತೆ ಬಂದರೆ ಮುಂದಕ್ಕೆ ಕಳಿಸುವ ಮೊದಲು ಎರಡು ಹನಿ ವಿನೆಗರ್ ಹಾಕಿ ನೋಡಿ.