ನಿಂತ ಗಾಡಿಯ ಬ್ಯಾಟರಿ ಯಾಕೆ ಸಾಯುತ್ತೆ?

ಹಿಮ ಬೀಳುವ ಹೊತ್ತಿಗೆ ಕೆನಡಾ ಮತ್ತು ಅಮೆರಿಕದ ಉತ್ತರ ರಾಜ್ಯಗಳಲ್ಲಿ ಅಡುಗೆಮನೆ, ಹಾಸಿಗೆ ಎಲ್ಲ ಇರುವ ಮೋಟಾರ್‌ಹೋಮ್‌ಗಳು ತಿಂಗಳುಗಟ್ಟಲೆ ನಿಂತುಬಿಡುತ್ತವೆ. ಕೀಲಿ ತೆಗೆದರೆ ಬ್ಯಾಟರಿಗೂ ರಜೆ ಅಂದ್ಕೊಂಡರೆ ತಪ್ಪು.

ಗ್ಯಾಸ್ ಸೋರಿಕೆ ಪತ್ತೆ ಮಾಡುವ ಸಾಧನದಂಥವು ಕರೆಂಟ್ ಎಳೀತಾನೇ ಇರುತ್ತವೆ. ತಂತಿ ಕಳಚಿದರೂ ಲೆಡ್-ಆಸಿಡ್ ಬ್ಯಾಟರಿ ತಾನಾಗಿಯೇ ನಿಧಾನಕ್ಕೆ ಇಳಿಯುತ್ತದೆ. ಇಳಿದಂತೆಲ್ಲ ಒಳಗಿನ ಆಮ್ಲ ತೆಳುವಾಗುತ್ತದೆ. ತುಂಬಿದ ಬ್ಯಾಟರಿ ಮೈನಸ್ 50 ಡಿಗ್ರಿ ಸೆಲ್ಸಿಯಸ್‌ನಲ್ಲೂ ಹೆಪ್ಪುಗಟ್ಟಲ್ಲ. ಖಾಲಿಯಾದದ್ದು ಮೈನಸ್ 10ರ ಆಸುಪಾಸಿನಲ್ಲೇ ಗಟ್ಟಿಯಾಗಿ ಒಡೆಯಬಹುದು. ಜೊತೆಗೆ ಫಲಕಗಳ ಮೇಲೆ ಸಲ್ಫೇಟ್ ಹರಳು ಗಟ್ಟಿಯಾಗಿ ಕೂತರೆ ಚಾರ್ಜ್ ಹಿಡಿಯುವ ಶಕ್ತಿಯೇ ಕುಗ್ಗುತ್ತದೆ.

ಹಾಗಾದರೆ ಏನು ಮಾಡಬೇಕು? ಪೂರ್ತಿ ಚಾರ್ಜ್ ಮಾಡಿ, ನೆಗೆಟಿವ್ ತಂತಿ ಕಳಚಿ, ತಿಂಗಳಿಗೊಮ್ಮೆ ವೋಲ್ಟೇಜ್ ಅಳೆಯಬೇಕು. 12 ವೋಲ್ಟ್ ಬ್ಯಾಟರಿ 12.4ಕ್ಕೆ ಇಳಿದರೆ ಮತ್ತೆ ಚಾರ್ಜ್ ಮಾಡಬೇಕು. ತುಂಬಿದ ಮೇಲೆ ತಾನೇ ತಗ್ಗುವ ಚಾರ್ಜರ್ ಇದ್ದರೆ ಹಾಕಿಟ್ಟರೂ ಸರಿ. ಹಳೇ ಮಾದರಿಯದ್ದನ್ನು ಬಿಟ್ಟರೆ ನೀರು ಆರಿಹೋಗುತ್ತದೆ. ಲಿಥಿಯಂ ಬ್ಯಾಟರಿಯ ಲೆಕ್ಕವೇ ಬೇರೆ: ಅದನ್ನು ಅರ್ಧ ತುಂಬಿಸಿ ಇಡಬೇಕು, ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು.

ಇದು ಬರೀ ಪ್ರವಾಸಿಗರ ತಲೆನೋವಲ್ಲ. ಲೆಡ್-ಆಸಿಡ್ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ನಮ್ಮ ಮನೆಗಳ ಬಹುಪಾಲು ಇನ್ವರ್ಟರ್‌ಗಳಲ್ಲಿ ಇರೋದೂ ಇದೇ ಜಾತಿ. ಭಾರತದ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯದನ್ನು ವಾಪಸ್ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೂ ಗುಜರಿಯವನ ಕೈಸೇರಿ ಬಯಲು ಕುಲುಮೆಯಲ್ಲಿ ಕರಗುವ ಸೀಸ ಮೊದಲು ಹಾಳುಮಾಡೋದು ಅಲ್ಲಿನ ಕೂಲಿಗಳ, ಸುತ್ತಲಿನ ಮಕ್ಕಳ ಆರೋಗ್ಯವನ್ನು. ನಿಯಮ ಜಾರಿಯಾಗಲಿ ಅಂತ ಕೇಳೋಣ. ಊರಿಗೆ ಹೋಗುವ ಮುಂಚೆ ಮನೆಯ ಬ್ಯಾಟರಿಯನ್ನೂ ಒಮ್ಮೆ ತುಂಬಿಸೋಣ.