ಮಾಗಿಯ ಚಳಿಯೂ ವೃದ್ಧರ ಮನಸ್ಸೂ

ಮಾಗಿಯ ಚಳಿಯು ಬಂದೊಡನೆ ಮನೆಯ ವೃದ್ಧರಿಗೆ ಕಂಬಳಿಯನ್ನೂ ಬಿಸಿನೀರನ್ನೂ ಒದಗಿಸುವುದು ನಮ್ಮ ಗೃಹಸ್ಥರೆಲ್ಲರೂ ಬಲ್ಲ ಧರ್ಮವಾಗಿದೆ. ಆದರೆ ಅದೇ ಕಾಲದಲ್ಲಿ ಅವರ ಮನಸ್ಸಿಗೆ ಏನಾಗುತ್ತಿರುವುದೆಂದು ವಿಚಾರಿಸುವವರು ವಿರಳ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ವಿದ್ಯಾವಂತರೂ ಅಧಿಕಾರಿಗಳೂ ಈ ವಿಷಯದಲ್ಲಿ ಲಕ್ಷ್ಯವಿಡುವುದು ಅತ್ಯವಶ್ಯಕ.

ಚಳಿಗಾಲದಲ್ಲಿ ಮರುಕಳಿಸುವ ಖಿನ್ನತೆಯೊಂದನ್ನು ೧೯೮೪ರಲ್ಲಿ ಅಮೆರಿಕದ ವೈದ್ಯ ನಾರ್ಮನ್ ರೋಸೆಂಥಾಲರೂ ಅವರ ಸಹೋದ್ಯೋಗಿಗಳೂ ವಿವರಿಸಿದರು. ಉತ್ತರದ ಶೀತದೇಶಗಳಲ್ಲಿ ಹಗಲು ಬಹಳವಾಗಿ ಕುಗ್ಗುವುದೇ ಅದಕ್ಕೆ ಮುಖ್ಯ ಕಾರಣವೆಂದು ಬಗೆಯಲಾಗಿದೆ. ನಮ್ಮ ಸೀಮೆಯಲ್ಲಾದರೋ ವರ್ಷದ ಅತಿ ದೀರ್ಘವಾದ ಹಗಲಿಗೂ ಅತಿ ಹ್ರಸ್ವವಾದ ಹಗಲಿಗೂ ಇರುವ ಅಂತರವು ಸುಮಾರು ಒಂದೂವರೆ ಗಂಟೆ ಮಾತ್ರ. ಸೂರ್ಯನ ಬೆಳಕಿಗೆ ಇಲ್ಲಿ ಬರಗಾಲವಿಲ್ಲ. ನಮ್ಮ ವೃದ್ಧರಿಗೆ ಕೊರತೆಯಾಗಿರುವುದು ಜೊತೆ ಮತ್ತು ಕೆಲಸ.

ಹಿಂದೆ ಈ ಸುಗ್ಗಿಯ ಕಾಲವೇ ಹಿರಿಯರ ಗೌರವದ ಕಾಲವಾಗಿದ್ದಿತು. ನಾಲೆಯ ಬಯಲಿನಲ್ಲಿ ಭತ್ತದ ಕಣವನ್ನೂ ನಾಗಮಂಗಲದ ಬೆದ್ದಲಿನಲ್ಲಿ ರಾಗಿಯ ಕಣವನ್ನೂ ಕಾಯುವವರು, ರಾಶಿಯನ್ನು ಅಳೆಯುವಾಗ ಮುಂದೆ ನಿಲ್ಲುವವರು ಅವರೇ. ಈಗ ಕಟಾವಿನ ಯಂತ್ರವು ಕೆಲವೇ ಗಂಟೆಗಳಲ್ಲಿ ಗದ್ದೆಯನ್ನು ಮುಗಿಸುವುದು. ಮಕ್ಕಳು ಬೆಂಗಳೂರು, ಮೈಸೂರುಗಳಲ್ಲಿ ನೆಲಸಿರುವರು. ಮಂಜು ಕವಿದ ಮುಂಜಾನೆ ಅರಳಿಕಟ್ಟೆಯೂ ಬರಿದು. ಬಾಳಸಂಗಾತಿಯನ್ನು ಕಳೆದುಕೊಂಡವರಿಗೆ ಧನುರ್ಮಾಸದ ಇರುಳು ಎಷ್ಟು ದೀರ್ಘವೆಂಬುದನ್ನು ಹೇಳಬೇಕಾದುದಿಲ್ಲ.

ಊಟ ಸೇರದಿರುವುದು, ನಸುಕಿಗೆ ಮುನ್ನವೇ ಎಚ್ಚರವಾಗಿ ಮತ್ತೆ ನಿದ್ರೆ ಬಾರದಿರುವುದು, ಪೂಜೆಯಲ್ಲಿಯೂ ಮೊಮ್ಮಕ್ಕಳ ಆಟದಲ್ಲಿಯೂ ಆಸಕ್ತಿ ಕುಂದುವುದು, ಕಾರಣ ತಿಳಿಯದ ಮೈಕೈ ನೋವು, ‘ನಾನಿದ್ದು ಯಾರಿಗೇನು ಪ್ರಯೋಜನ’ ಎಂಬ ಮಾತು, ಇಂಥವು ಎರಡು ವಾರಗಳಿಗೂ ಮಿಕ್ಕಿ ನಿಂತರೆ ‘ವಯಸ್ಸಾಯಿತು’, ‘ಅರಳುಮರಳು’ ಎಂದು ತಳ್ಳಿಹಾಕಬಾರದು. ಅದು ಚಿಕಿತ್ಸೆಯುಳ್ಳ ರೋಗವಾಗಿರಬಹುದು. ಥೈರಾಯ್ಡ್ ಗ್ರಂಥಿಯ ದೌರ್ಬಲ್ಯ, ಬಿ೧೨ ಜೀವಸತ್ತ್ವದ ಕೊರತೆ, ಸೇವಿಸುತ್ತಿರುವ ಕೆಲವು ಔಷಧಗಳು ಇವೂ ಅದೇ ಲಕ್ಷಣಗಳನ್ನು ತೋರಬಲ್ಲುವಾದುದರಿಂದ ವೈದ್ಯರ ಪರೀಕ್ಷೆಯು ಅಗತ್ಯ. ಸಾವಿನ ಮಾತನ್ನಾಡಿದರಂತೂ ಅದನ್ನು ಮುದುಕರ ಗೊಣಗಾಟವೆಂದು ಬಗೆಯದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು.

ಮನೆಯವರು ಮಾಡಬಹುದಾದುದು ಬಹಳವಿದೆ. ಚಳಿ ಇಳಿದ ಮೇಲೆ ಜಗಲಿಯ ಎಳೆಬಿಸಿಲಿನಲ್ಲಿ ಅವರೊಡನೆ ಕುಳಿತುಕೊಳ್ಳುವುದು, ಅವರೆಕಾಯಿ ಸುಲಿಯುವ ಕೆಲಸದಿಂದ ಮನೆಯ ಲೆಕ್ಕದವರೆಗೆ ಅವರ ಕೈಗೊಂದು ಹೊಣೆಯನ್ನು ಕೊಡುವುದು, ದೂರದ ಮಕ್ಕಳು ಗೊತ್ತಾದ ವೇಳೆಯಲ್ಲಿ ನಿತ್ಯವೂ ದೂರವಾಣಿಯಲ್ಲಿ ಮಾತನಾಡುವುದು, ಇವಕ್ಕೆ ಖರ್ಚೇನೂ ತಗಲದು. ಚಳಿಗೆಂದು ಮದ್ಯವನ್ನು ಕೊಡುವ ಪದ್ಧತಿಯು ಮಾತ್ರ ನಿಲ್ಲತಕ್ಕದ್ದು. ಅದು ದೇಹದ ಶಾಖವನ್ನೂ ಮನಸ್ಸಿನ ಸ್ಥೈರ್ಯವನ್ನೂ ಕಳೆಯುವುದು.

ಸರ್ಕಾರವೂ ಸುಮ್ಮನಿಲ್ಲ. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯಲ್ಲಿ ೧೪೪೧೬ಕ್ಕೆ ಕರೆಮಾಡಿದರೆ ಕನ್ನಡದಲ್ಲಿಯೇ ಉಚಿತವಾಗಿ ಸಲಹೆ ದೊರೆಯುವುದು. ಹಿರಿಯ ನಾಗರಿಕರ ಸಹಾಯವಾಣಿಯ ಸಂಖ್ಯೆ ೧೪೫೬೭. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ದೊರೆಯಬೇಕೆಂಬುದೇ ರಾಜ್ಯದ ಮನೋಚೈತನ್ಯ ಯೋಜನೆಯ ಉದ್ದೇಶ. ಆದರೆ ಹಳ್ಳಿಯ ಮುದುಕಿಗೆ ಇದನ್ನು ತಿಳಿಸುವವರು ಯಾರು? ಪಂಚಾಯಿತಿ ಕಚೇರಿ, ನ್ಯಾಯಬೆಲೆ ಅಂಗಡಿ, ದೇವಸ್ಥಾನ, ಹಾಲಿನ ಡೇರಿಗಳಲ್ಲಿ ಈ ಸಂಖ್ಯೆಗಳನ್ನು ದಪ್ಪಕ್ಷರಗಳಲ್ಲಿ ಬರೆಯಿಸುವುದು ಅಧಿಕಾರಿಗಳಿಗೆ ಒಂದು ದಿನದ ಕೆಲಸ. ನಾಲ್ಕು ತಾಲ್ಲೂಕುಗಳ ಮಹಾಶಯರು ಸಂಕ್ರಾಂತಿಯೊಳಗೆ ಅದನ್ನು ನೆರವೇರಿಸಲಿ. ಎಳ್ಳುಬೆಲ್ಲವನ್ನು ಹಂಚಲು ಹೊರಟವರು ಒಂಟಿಯಾಗಿರುವ ಹಿರಿಯರ ಬಾಗಿಲನ್ನೇ ಮೊದಲು ತಟ್ಟಲಿ.